ಕಮಂಡಲದೊಳಗಿನ ಆನೆ

ಮೊದಲು ಒಂದು ಕತೆ ಕೇಳಿ, ಆಮೇಲೆ ವಿಷಯಕ್ಕೆ ಬರೋಣ.

ಒಬ್ಬಾತ ಒಂದು ಕೈಯಲ್ಲಿ ಕೊಡೆ, ಇನ್ನೊಂದು ಕೈಯಲ್ಲಿ ಕಮಂಡಲ ಹಿಡಿದುಕೊಂಡು ಹೋಗುತ್ತಿದ್ದ. ಎದುರಿಗೆ ಮದವೇರಿದ ಕಾಡಾನೆ ಬಂತು. ಓಡಲು ದಾರಿಯಿಲ್ಲ, ಅಡಗಲು ಜಾಗವಿಲ್ಲ. ಸರಿ, ಕಮಂಡಲದೊಳಕ್ಕೇ ನುಗ್ಗಿಬಿಟ್ಟ. ಆನೆ ಬಿಟ್ಟೀತೇ? ಅದೂ ಹಿಂದೆಯೇ ನುಗ್ಗಿತು. ಆರು ತಿಂಗಳು ಇಬ್ಬರೂ ಆ ಕಮಂಡಲದೊಳಗೆ ಓಡಿದ್ದೇ ಓಡಿದ್ದು. ಕೊನೆಗೆ ಇವನಿಗೆ ನೀರು ಸುರಿಯುವ ಮೂತಿ ಕಾಣಿಸಿತು, ಅದರೊಳಗಿಂದ ತೂರಿ ಆಚೆ ಬಂದ. ಆನೆಯೂ ತೂರಿತು. ಸೊಂಡಿಲು ಬಂತು, ತಲೆ ಬಂತು, ಹೊಟ್ಟೆ ಬಂತು, ನಾಲ್ಕು ಕಾಲೂ ಬಂದವು... ಬಾಲದ ತುದಿ ಮಾತ್ರ ಮೂತಿಗೆ ಸಿಕ್ಕಿಕೊಂಡುಬಿಟ್ಟಿತು!

ನನಗೆ ಇಡೀ ಕತೆಯಲ್ಲಿ ಇಷ್ಟವಾಗುವುದು ಆ ಬಾಲ. ಆನೆ ಒಳಗೆ ಹೋದದ್ದನ್ನು ನುಂಗಿಕೊಂಡವನಿಗೆ ಬಾಲ ಸಿಕ್ಕಿಕೊಂಡಿದ್ದನ್ನು ನುಂಗಲು ಕಷ್ಟವಾಗುತ್ತದೆ ನೋಡಿ. ಸುಳ್ಳು ಹೇಳುವುದರಲ್ಲಿ ಪಳಗಿದ ಕೈ ಇದು.

ಇಂಜಿನಿಯರಿಂಗ್ ಓದುವಾಗ ನಮ್ಮ ಹಾಸ್ಟೆಲಿನಲ್ಲಿ ಟೆರ್ರಿ ಪ್ರಾಚೆಟ್ಟನ ಕಾದಂಬರಿಗಳು ಕೈಯಿಂದ ಕೈಗೆ ಓಡಾಡಿ ಬೈಂಡಿಂಗ್ ಕಿತ್ತುಹೋಗಿದ್ದವು. ಆಮೆಯ ಬೆನ್ನ ಮೇಲೆ ನಾಲ್ಕು ಆನೆ, ಆನೆಗಳ ಮೇಲೆ ಒಂದು ಚಪ್ಪಟೆ ಲೋಕ. 1983ರಲ್ಲಿ ಶುರುವಾದ ಸರಣಿ ಅದು. ಫ್ಯಾಂಟಸಿಯನ್ನೂ ಹಾಸ್ಯವನ್ನೂ ಬೆರೆಸುವ ಈ ಕಲೆ ಬಿಳಿಯರದ್ದೇ ಅಂತ ನಮ್ಮಲ್ಲಿ ಹಲವರು ವಾದಿಸುತ್ತಿದ್ದರು. ಆದರೆ ಮೇಲಿನ ಕಮಂಡಲದ ಆನೆ ಪ್ರಾಚೆಟ್ಟನ ಆನೆಗಳಿಗಿಂತ ಸುಮಾರು 1200 ವರ್ಷ ಹಿರಿಯದು. 8ನೇ ಶತಮಾನದಲ್ಲಿ ಹರಿಭದ್ರ ಎಂಬ ಜೈನ ಆಚಾರ್ಯ ಪ್ರಾಕೃತದಲ್ಲಿ ಬರೆದ 'ಧೂರ್ತಾಖ್ಯಾನ'ದ್ದು. ಅಲ್ಲಿಂದ ಹೊರಟ ಆನೆ ಸಂಸ್ಕೃತ, ಅಪಭ್ರಂಶಗಳನ್ನೆಲ್ಲ ಸುತ್ತಿದ ಹಾಸ್ಯದ ಜೊತೆಗೇ ನಡೆದಿದೆ. ಆ ಹಾಸ್ಯವೇ 14ನೇ ಶತಮಾನದ ಹೊತ್ತಿಗೆ ಕನ್ನಡಕ್ಕೂ ಬಂತು. ಆ ಪಯಣದ ಬಗ್ಗೆ, ಮತ್ತು ಅದನ್ನು ಓದುತ್ತಾ ನನ್ನೊಳಗೆ ಎದ್ದ ತಕರಾರಿನ ಬಗ್ಗೆ ಈ ಬರಹ. ಸ್ವಲ್ಪ ಉದ್ದವಾಗಬಹುದು, ಒಂದು ಲೋಟ ಕಾಫಿ ಇಟ್ಟುಕೊಂಡು ಕೂತರೆ ಒಳ್ಳೆಯದು :)

ಧೂರ್ತಾಖ್ಯಾನದ ಚೌಕಟ್ಟೇ ಮಜವಾಗಿದೆ. ಉಜ್ಜಯಿನಿಯ ಹೊರಗೆ ಒಂದು ತೋಟ. ಬಿಡದೆ ಮಳೆ ಸುರಿಯುತ್ತಿದೆ. ಐದು ಜನ ಠಕ್ಕರು ತಮ್ಮ ತಮ್ಮ ಪಟಾಲಮ್ಮಿನೊಂದಿಗೆ ಅಲ್ಲಿ ಸಿಕ್ಕಿಹಾಕಿಕೊಂಡಿದ್ದಾರೆ. ನಾಲ್ವರು ಗಂಡಸರು, ಒಬ್ಬಳು ಹೆಂಗಸು, ಹೆಸರು ಖಂಡಪಾನೆ. ಎಲ್ಲರಿಗೂ ಹಸಿವು. ಊಟ ಹಾಕಿಸುವವರು ಯಾರು? ಒಂದು ಪಂದ್ಯ ಕಟ್ಟುತ್ತಾರೆ. ಒಬ್ಬೊಬ್ಬರೂ ತಮ್ಮ ಅನುಭವ ಹೇಳಬೇಕು. ಅದನ್ನು ಸುಳ್ಳು ಅಂದವನು ಎಲ್ಲರಿಗೂ ಊಟ ಹಾಕಿಸಬೇಕು. ನಿಜ ಅನ್ನುವುದಾದರೆ ರಾಮಾಯಣ, ಭಾರತ, ಪುರಾಣಗಳಿಂದ ಸಾಕ್ಷಿ ಕೊಟ್ಟು ಸಾಧಿಸಬೇಕು.

ಮೊದಲನೆಯವನು ಹೇಳಿದ್ದೇ ಆನೆಯ ಕತೆ. ಕೇಳಿದವನು ಪಟ್ಟನೆ ಸಾಕ್ಷಿ ಒದಗಿಸುತ್ತಾನೆ. ಅಷ್ಟು ದೊಡ್ಡ ಗಂಗೆ ಶಿವನ ಜಡೆಯೊಳಗೆ ದಾರಿ ಸಿಗದೆ ಸುತ್ತಾಡಲಿಲ್ಲವೇ? ಬ್ರಹ್ಮ ವಿಷ್ಣುವಿನ ಹೊಕ್ಕುಳಿನಿಂದ ಹೊರಗೆ ಬಂದರೂ ಕಮಲ ಅಲ್ಲೇ ಅಂಟಿಕೊಂಡಿಲ್ಲವೇ? ಹಾಗಾದರೆ ಬಾಲ ಸಿಕ್ಕಿಕೊಂಡಿದ್ದರಲ್ಲಿ ಆಶ್ಚರ್ಯವೇನು!

ಎರಡನೆಯವನದು ಇನ್ನೂ ಜೋರು. ಊರಿಗೆ ಕಳ್ಳರು ನುಗ್ಗಿದರು. ಊರಿನವರೆಲ್ಲ ದನಕರುಗಳ ಸಮೇತ ಒಂದು ಸೌತೆಕಾಯಿಯೊಳಗೆ ಬಚ್ಚಿಟ್ಟುಕೊಂಡರು. ಆ ಸೌತೆಕಾಯಿಯನ್ನು ಒಂದು ಆಡು ತಿಂದಿತು. ಆಡನ್ನು ಹೆಬ್ಬಾವು ನುಂಗಿತು. ಹೆಬ್ಬಾವನ್ನು ಕೊಕ್ಕರೆ ನುಂಗಿ ಹೋಗಿ ಒಂದು ಆಲದ ಮರದ ಮೇಲೆ ಕೂತಿತು. ಅದರ ಕಾಲನ್ನು ಮರದ ಬಿಳಲು ಅಂದುಕೊಂಡು ರಾಜನ ಸೈನ್ಯದವರು ಅದಕ್ಕೆ ಆನೆ ಕಟ್ಟಿದರು... ಮುಂದೆ ಕೊಕ್ಕರೆಯ ಹೊಟ್ಟೆ ಸೀಳಿ ಹಾವು, ಹಾವಿನೊಳಗಿಂದ ಆಡು, ಆಡಿನೊಳಗಿಂದ ಸೌತೆಕಾಯಿ, ಸೌತೆಕಾಯಿಯೊಳಗಿಂದ ಇಡೀ ಊರು. ಇದಕ್ಕೆ ಸಾಕ್ಷಿ? ಹದಿನಾಲ್ಕು ಲೋಕ ವಿಷ್ಣುವಿನ ಹೊಟ್ಟೆಯಲ್ಲಿ ಇರಬಹುದಾದರೆ ಒಂದು ಊರು ಸೌತೆಕಾಯಿಯಲ್ಲಿ ಯಾಕಿರಬಾರದು?

ಕೊನೆಗೆ ಖಂಡಪಾನೆಯ ಸರದಿ. ಅವಳು ಆಟವನ್ನೇ ಬುಡಮೇಲು ಮಾಡುತ್ತಾಳೆ. "ನಾನು ರಾಜನ ಅಗಸನ ಮಗಳು. ಒಂದು ದಿನ ಗಾಳಿಗೆ ರಾಜನ ಬಟ್ಟೆಗಳೆಲ್ಲ ಹಾರಿಹೋದವು, ನನ್ನ ಆಳುಗಳೂ ಓಡಿಹೋದರು. ಅವರನ್ನು ಹುಡುಕುತ್ತಾ ಬಂದೆ. ಆ ಆಳುಗಳು ನೀವೇ, ನೀವು ಉಟ್ಟಿರುವುದು ಅದೇ ಬಟ್ಟೆ" ಅಂತಾಳೆ. ನಿಜ ಅಂದರೆ ನಾಲ್ವರೂ ಅವಳ ಆಳುಗಳು. ಸುಳ್ಳು ಅಂದರೆ ಎಲ್ಲರಿಗೂ ಊಟ ಹಾಕಿಸಬೇಕು. ಡೆಡ್‌ಲಾಕ್! ಯಾವ ಪುರಾಣವೂ ಸಹಾಯಕ್ಕೆ ಬರುವುದಿಲ್ಲ. ಸೋತವರು ಕೊನೆಗೆ ಅವಳಿಗೇ ಶರಣಾಗಿ, ಊಟವನ್ನೂ ನೀನೇ ಹಾಕಿಸಮ್ಮ ಅಂತಾರೆ. ಅವಳು ಸ್ಮಶಾನಕ್ಕೆ ಹೋಗಿ, ಆಗಷ್ಟೇ ಸತ್ತ ಮಗುವೊಂದನ್ನು ಎತ್ತಿಕೊಂಡು, ಒಬ್ಬ ಸಾಹುಕಾರನ ಮನೆಯ ಮುಂದೆ ಬೇಡುತ್ತಾಳೆ. ಆಳುಗಳು ನೂಕುತ್ತಾರೆ. ಬೀಳುತ್ತಾಳೆ. "ಅಯ್ಯೋ ನನ್ನ ಮಗುವನ್ನು ಕೊಂದರಲ್ಲಪ್ಪೋ" ಅಂತ ಬಾಯಿ ಬಡಿದುಕೊಳ್ಳುತ್ತಾಳೆ. ಸಾಹುಕಾರ ಗಾಬರಿಯಾಗಿ ಬೆರಳಿನ ಉಂಗುರ ಕೊಟ್ಟು ಕಳಿಸುತ್ತಾನೆ. ಆ ಉಂಗುರದಲ್ಲಿ ಎಲ್ಲರಿಗೂ ಊಟ.

ಈ ಕೊನೆಯ ಭಾಗ ಓದಿ ನಕ್ಕೆನೋ ಇಲ್ಲವೋ ನನಗೇ ಗೊತ್ತಿಲ್ಲ. ಹೊಟ್ಟೆಯೊಳಗೆ ಏನೋ ತಣ್ಣಗಾಯಿತು.

ಈಗ ಕನ್ನಡಕ್ಕೆ ಬರೋಣ. ಹರಿಭದ್ರನ ಈ ತಂತ್ರವನ್ನು ಜೈನ ಕವಿಗಳು ಬಿಡಲಿಲ್ಲ. 988ರಲ್ಲಿ ಹರಿಷೇಣ ಅಪಭ್ರಂಶದಲ್ಲಿ 'ಧಮ್ಮಪರಿಕ್ಖಾ' ಬರೆದ. 1014ರಲ್ಲಿ ಅಮಿತಗತಿ ಸಂಸ್ಕೃತದಲ್ಲಿ 'ಧರ್ಮಪರೀಕ್ಷಾ' ಬರೆದ. ಅದನ್ನು ಹಿಡಿದು ಕನ್ನಡದಲ್ಲಿ ಚಂಪೂ ರೂಪದ 'ಧರ್ಮಪರೀಕ್ಷೆ' ಬರೆದವನು ವೃತ್ತವಿಲಾಸ. 14ನೇ ಶತಮಾನದ ನಡುಭಾಗದವನು ಎನ್ನುತ್ತಾರೆ. ಈ ಸರಪಳಿಯನ್ನು ಕೂಲಂಕಷವಾಗಿ ಬಿಡಿಸಿಟ್ಟವರು ಕೂಡ ನಮ್ಮವರೇ, ಬೆಳಗಾವಿ ಜಿಲ್ಲೆಯ ಸದಲಗಾದಲ್ಲಿ 1906ರಲ್ಲಿ ಹುಟ್ಟಿದ ಆ.ನೇ. ಉಪಾಧ್ಯೆ. 1944ರಲ್ಲಿ ಬಂದ ಧೂರ್ತಾಖ್ಯಾನದ ಆವೃತ್ತಿಗೆ ಅವರು ಬರೆದ ದೀರ್ಘ ಅಧ್ಯಯನ ಓದಿದರೆ ಒಂದೊಂದು ನಗೆಕತೆಯೂ ಎಲ್ಲಿಂದ ಎಲ್ಲಿಗೆ ಹೋಯಿತು ಅಂತ ಗೊತ್ತಾಗುತ್ತದೆ. ಇತಿಹಾಸ ಅಂದರೆ ಬರೀ ರಾಜರ ಪಟ್ಟಿ ಅಂದುಕೊಂಡವರು ಓದಬೇಕಾದ ಕೆಲಸ.

ಧರ್ಮಪರೀಕ್ಷೆಯ ಕತೆ ಹೀಗಿದೆ. ಮನೋವೇಗ ಮತ್ತು ಪವನವೇಗ ಇಬ್ಬರು ವಿದ್ಯಾಧರ ಗೆಳೆಯರು. ಮನೋವೇಗ ಜಿನಭಕ್ತ, ಪವನವೇಗ ಅಲ್ಲ. ಹೇಗಾದರೂ ಮಾಡಿ ಗೆಳೆಯನ ಮನಸ್ಸು ತಿರುಗಿಸಬೇಕು. ಒಂದು ದಿನ ಮನೋವೇಗನ ವಿಮಾನ ಒಬ್ಬ ಮುನಿಯ ನೆತ್ತಿಯ ಮೇಲೆ ಬಂದು ನಿಂತುಬಿಡುತ್ತದೆ. ಇಳಿದು ಕೇಳಿದರೆ, ಗೆಳೆಯನನ್ನು ಪಂಡಿತರಿರುವ ಊರಿಗೆ ಕರೆದುಕೊಂಡು ಹೋಗು ಅಂತ ಮುನಿ ಹೇಳುತ್ತಾನೆ. ಅಮಿತಗತಿಯಲ್ಲಿ ಆ ಊರು ಪಾಟಲೀಪುತ್ರ. ಇಬ್ಬರೂ ಹುಲ್ಲು ಸೌದೆ ಮಾರುವವರ ವೇಷದಲ್ಲಿ, ಆದರೆ ಮೈತುಂಬಾ ಒಡವೆ ಹಾಕಿಕೊಂಡು (ಈ ವಿವರಕ್ಕೇ ನಗು ಬರುತ್ತದೆ) ವಾದಶಾಲೆಗೆ ನುಗ್ಗಿ, ಭೇರಿ ಬಾರಿಸಿ, ಗೆದ್ದವರು ಮಾತ್ರ ಕೂರಬೇಕಾದ ಚಿನ್ನದ ಪೀಠದ ಮೇಲೆ ಕೂತುಬಿಡುತ್ತಾರೆ. ಪಂಡಿತರು ಓಡಿ ಬರುತ್ತಾರೆ. ಯಾರು ನೀವು, ಯಾವ ಶಾಸ್ತ್ರ ಗೊತ್ತು? ನಮಗೇನೂ ಗೊತ್ತಿಲ್ಲ ಸ್ವಾಮಿ, ಪೀಠ ಚೆನ್ನಾಗಿತ್ತು, ಕೂತೆವು. ಇದಾದ ಮೇಲೆ ದಿನಕ್ಕೊಂದು ವೇಷ, ದಿನಕ್ಕೊಂದು ಸುಳ್ಳು ಕತೆ. ಪಂಡಿತರು "ಇದು ಸಾಧ್ಯವೇ ಇಲ್ಲ" ಅನ್ನುತ್ತಾರೆ. ಮನೋವೇಗ "ನಿಮ್ಮ ಪುರಾಣದಲ್ಲಿ ಹೀಗಿದೆಯಲ್ಲ, ಅದು ಹೇಗೆ ಸಾಧ್ಯ?" ಅನ್ನುತ್ತಾನೆ. ಪಂಡಿತರು ಗಪ್‌ಚುಪ್. ನಡುವೆ ಹತ್ತು ಬಗೆಯ ಮೂರ್ಖರ ಕತೆಗಳೂ ಬರುತ್ತವೆ, ಅವುಗಳ ಬಗ್ಗೆ ಇನ್ನೊಮ್ಮೆ ಬರೆಯುತ್ತೇನೆ.

ನಾನು ಕೆಲಸದಲ್ಲಿ ಕೋಡ್ ಬರೆಯುವವನು. ಮನೋವೇಗ ಮಾಡುತ್ತಿರುವುದು ನನಗೆ ತಕ್ಷಣ ಗುರುತು ಸಿಕ್ಕಿತು, ಅವನೊಬ್ಬ ಅಪ್ಪಟ ಟೆಸ್ಟರ್. ನಿಮ್ಮ ನಿಯಮ ಇದು ತಾನೇ? ಹಾಗಾದರೆ ಅದೇ ನಿಯಮಕ್ಕೆ ಈ ಇನ್‌ಪುಟ್ ಕೊಡುತ್ತೇನೆ, ನೋಡಿ ಏನು ಬರುತ್ತೆ. ಒಂದೂ ಬೈಗುಳವಿಲ್ಲದೆ, ಬರೀ ಒಂದು ಕತೆಯಿಂದ ಇಡೀ ವ್ಯವಸ್ಥೆಯನ್ನು ಕ್ರ್ಯಾಶ್ ಮಾಡುವುದಿದೆಯಲ್ಲ, ಅದರ ಸುಖ ಗೊತ್ತಿರುವವರಿಗೇ ಗೊತ್ತು.

ಆದರೆ ಒಳ್ಳೆಯ ಟೆಸ್ಟರ್ ತನ್ನ ತಂಡದ ಕೋಡನ್ನೂ ಬಿಡುವುದಿಲ್ಲ. ಇಲ್ಲಿ ಮನೋವೇಗ ಬಂದಿಳಿದಿರುವುದೇ ವಿಮಾನದಲ್ಲಿ! ಕೋತಿಗಳು ಬೆಟ್ಟ ಹೊತ್ತವೇ ಅಂತ ನಗುವವನು ತಾನು ಆಕಾಶದಲ್ಲಿ ಹಾರಾಡುವ ವಿದ್ಯಾಧರ. ಜೈನ ಪುರಾಣಗಳಲ್ಲಿ ಆದಿತೀರ್ಥಂಕರನ ಎತ್ತರ 500 ಬಿಲ್ಲುಗಳಷ್ಟು, ಆಯುಷ್ಯ 84 ಲಕ್ಷ ಪೂರ್ವಗಳು. ಒಂದು ಪೂರ್ವ ಎಷ್ಟು ವರ್ಷ ಅಂತ ಲೆಕ್ಕ ಹಾಕಲು ಹೋದರೆ ಕ್ಯಾಲ್ಕುಲೇಟರಿನ ಪರದೆ ಸಾಲದು. ಈ ಕಡೆಯ ಒಂದು ಕತೆಯನ್ನೂ ಯಾವ ಪಂಡಿತನೂ ತಿರುಗಿ ಕೇಳುವುದಿಲ್ಲ, ಯಾಕೆಂದರೆ ಅವರಿಗೆ ಡೈಲಾಗ್ ಬರೆಯುವವನೂ ಮನೋವೇಗನ ಕಡೆಯವನೇ. ಧೂರ್ತಾಖ್ಯಾನದಲ್ಲಿ ಹೀಗಿಲ್ಲ. ಅಲ್ಲಿ ಐವರೂ ಠಕ್ಕರು, ಐವರಿಗೂ ಬಾಯಿ ಇದೆ, ಸಾಕ್ಷಿ ಹುಡುಕುವುದೇ ಒಂದು ಆಟ. ಯಾರೂ ಯಾರನ್ನೂ ಮತಾಂತರ ಮಾಡಿಸುವುದಿಲ್ಲ, ಎಲ್ಲರೂ ಊಟ ಮಾಡುತ್ತಾರೆ. ಧರ್ಮಪರೀಕ್ಷೆಯಲ್ಲಿ ಒಬ್ಬನಿಗೆ ಮಾತ್ರ ಬಾಯಿ. ಹಾಸ್ಯವಾಗಿ ಮೊದಲನೆಯದು ಮೇಲು, ಆಯುಧವಾಗಿ ಎರಡನೆಯದು.

ಆಯುಧ ಅಂದೆನಲ್ಲ, ಅದರ ಅತಿ ಹರಿತವಾದ ಭಾಗ ಬೇಲದ ಹಣ್ಣಿನ ಕತೆ.

ಅಮಿತಗತಿಯಲ್ಲಿ ಬರುತ್ತದೆ ಅದು. ಕುರಿ ಕಾಯುತ್ತಿದ್ದ ಹುಡುಗನೊಬ್ಬನಿಗೆ ಹಸಿವು. ಬೇಲದ ಮರದ ತುಂಬಾ ಹಣ್ಣು, ಆದರೆ ಹತ್ತಲಾಗುವುದಿಲ್ಲ. ತನ್ನ ತಲೆಯನ್ನು ತಾನೇ ಕತ್ತರಿಸಿ ಮರದ ಮೇಲಕ್ಕೆ ಎಸೆಯುತ್ತಾನೆ. ತಲೆ ಮೇಲೆ ಹಣ್ಣು ತಿನ್ನುತ್ತಾ ಹೋದಂತೆ ಕೆಳಗೆ ನಿಂತ ಮುಂಡದ ಹೊಟ್ಟೆ ತುಂಬುತ್ತಾ ಬರುತ್ತದೆ. ಹೊಟ್ಟೆ ತುಂಬಿದ ಮೇಲೆ ತಲೆ ಇಳಿದು ಬಂದು ಕುತ್ತಿಗೆಗೆ ಅಂಟಿಕೊಳ್ಳುತ್ತದೆ. ಪಂಡಿತರು ಕೇಳುತ್ತಾರೆ, ತಲೆ ಅಲ್ಲಿ ತಿಂದರೆ ಹೊಟ್ಟೆ ಇಲ್ಲಿ ತುಂಬುವುದು ಹೇಗಯ್ಯಾ? ಮನೋವೇಗನ ಉತ್ತರ: ನೀವು ಶ್ರಾದ್ಧದಲ್ಲಿ ಇಲ್ಲಿ ಉಂಡರೆ, ಇನ್ನೆಲ್ಲೋ ಪರಲೋಕದಲ್ಲಿರುವ ಪಿತೃಗಳ ಹೊಟ್ಟೆ ತುಂಬುತ್ತದೆ. ನನ್ನ ತಲೆಗೂ ಹೊಟ್ಟೆಗೂ ಒಂದು ಮರದ ಅಂತರ ಅಷ್ಟೇ!

ಒಪ್ಪಲೇಬೇಕು, ಇದಕ್ಕಿಂತ ಚುರುಕಾದ ಜೋಕು ನಮ್ಮ ಹಳೆಯ ಸಾಹಿತ್ಯದಲ್ಲಿ ಸಿಗುವುದು ಕಷ್ಟ. ಮೊದಲ ಸಲ ಓದಿದಾಗ ಬಸ್ಸಿನಲ್ಲಿದ್ದೆ, ಪಕ್ಕದವರು ತಿರುಗಿ ನೋಡುವಷ್ಟು ನಕ್ಕಿದ್ದೆ.

ನಮ್ಮದು ಶಿಡ್ಲಘಟ್ಟದ ಕಡೆ ಹಳ್ಳಿ. ರೇಷ್ಮೆ ಹುಳು ಸಾಕುವ ಮನೆ. ತಾತ ತೀರಿಕೊಂಡ ವರ್ಷ ಮಹಾಲಯ ಅಮಾವಾಸ್ಯೆಗೆ ಊರಿಗೆ ಹೋಗಿದ್ದೆ. ನಮ್ಮಲ್ಲಿ ಹಿರಿಯರಿಗೆ ಎಡೆ ಇಡುತ್ತೇವೆ. ಗೊತ್ತಿರುವವರಿಗೆ ಗೊತ್ತು, ಪುರೋಹಿತರು ಬರುವುದಿಲ್ಲ, ಮಂತ್ರವಿಲ್ಲ. ಫೋಟೋ ಮುಂದೆ ಬಾಳೆ ಎಲೆ, ಅದರ ಮೇಲೆ ಅವರಿಗೆ ಏನು ಇಷ್ಟವಿತ್ತೋ ಅದು. ಮುದ್ದೆ, ಸಾರು, ವಡೆ, ಹೊಸ ಪಂಚೆ, ಒಂದು ಕಟ್ಟು ಬೀಡಿ. ಇಟ್ಟು ಕೈಮುಗಿದು ಬಾಗಿಲು ಮುಂದೆ ಮಾಡಿ ಎಲ್ಲರೂ ಆಚೆ ಬಂದು ಕೂರಬೇಕು, ಅವರು ಬಂದು ಉಣ್ಣುವ ಹೊತ್ತು ಅದು. ಹುಳು ಮೂರನೇ ಜ್ವರಕ್ಕೆ ಕೂತಿದ್ದವು, ಸೊಪ್ಪು ಹಾಕುವ ಕೆಲಸವಿರಲಿಲ್ಲ. ಜಗಲಿ ಮೇಲೆ ಕೂತ ಅಜ್ಜಿ "ಏನಾದ್ರೂ ಹೇಳಪ್ಪಾ, ಸುಮ್ನೆ ಕೂತ್ರೆ ಅವ್ರೇ ಗ್ಯಾಪ್ಕ ಬರ್ತಾರೆ" ಅಂದರು. ಕಮಂಡಲದ ಆನೆ ಹೇಳಿದೆ. ಬಾಲ ಸಿಕ್ಕಿಕೊಂಡಾಗ ಅಜ್ಜಿ ಬಾಯಿಗೆ ಸೆರಗು ಒತ್ತಿಕೊಂಡು ನಕ್ಕರು. ಸೌತೆಕಾಯಿ ಕತೆಗೆ ಅವರದೊಂದು ಸಂದೇಹ: "ಊರೋರೆಲ್ಲಾ ಒಳಗಿದ್ರಲ್ಲ, ಚೆಂಬು ತಗೊಂಡು ಎಲ್ಲಿಗೆ ಹೋಗ್ತಿದ್ರಂತೆ?"

ಆಮೇಲೆ ವಿಷ್ಣುವಿನ ಹೊಟ್ಟೆಯ ವಿಷಯ ಹೇಳಿದೆ. ಅದು ಸಾಧ್ಯ ಆದ್ರೆ ಇದೂ ಸಾಧ್ಯ ತಾನೇ ಅಜ್ಜಿ? ಅವರು ನಗು ನಿಲ್ಲಿಸಿ ನನ್ನನ್ನೇ ನೋಡಿದರು. "ಅದು ದೇವ್ರ ಹೊಟ್ಟೆ, ಇದು ಸೌತೇಕಾಯಿ. ಎರಡೂ ಒಂದೇನೇನೋ?"

ಪಾಟಲೀಪುತ್ರದ ಅಷ್ಟೂ ಪಂಡಿತರಿಗೆ ಹೊಳೆಯದೆ ಹೋದ ಉತ್ತರ ಇದು. ದೇವರು ಅಂತ ಒಪ್ಪಿಕೊಂಡವರಿಗೆ ದೇವರ ಹೊಟ್ಟೆ ಒಂದು ತರಕಾರಿಯಲ್ಲ, ಹೋಲಿಕೆಯೇ ತಪ್ಪು. ಮನೋವೇಗನಿದ್ದಿದ್ದರೆ, "ಹಾಗೆ ನಂಬುವುದಕ್ಕೆ ಆಧಾರವೇನು ಅನ್ನುವುದೇ ನನ್ನ ಪ್ರಶ್ನೆ" ಅನ್ನುತ್ತಿದ್ದ. ಅವನದೂ ಸರಿ. ಇಬ್ಬರೂ ಸರಿಯಾಗಿರುವ ಜಗಳ ಎಷ್ಟು ಕಷ್ಟದ್ದು ಅಂತ ಆ ಜಗಲಿ ಮೇಲೆ ನನಗೆ ಗೊತ್ತಾಯಿತು.

ಬೇಲದ ಹಣ್ಣಿನ ಕತೆ ನಾಲಿಗೆಯ ತುದಿಗೆ ಬಂದಿತ್ತು. ಹಿಂದೆ ಮುಚ್ಚಿದ ಬಾಗಿಲು. ಒಳಗೆ ಬಾಳೆ ಎಲೆ. ಹೇಳಲಿಲ್ಲ.

ಹೇಳದೇ ಇದ್ದದ್ದಕ್ಕೆ ಕಾರಣ ಬರೀ ಮರುಕವಲ್ಲ. ಆ ಜೋಕಿನ ಗುರಿ ಯಾರು ಅಂತ ಯೋಚಿಸಿ. ವಾದಶಾಲೆಯಲ್ಲಿ ಚಿನ್ನದ ಪೀಠ ಇಟ್ಟುಕೊಂಡು ಕೂತ ಪಂಡಿತರು, ಇನ್ನೊಬ್ಬರ ಮನೆಯ ಸಾವಿನಲ್ಲಿ ಉಣ್ಣುವ ಅಧಿಕಾರ ಇದ್ದವರು. ಅವರ ಮುಖದ ಮೇಲೆ ಹೇಳಿದರೆ ಅದು ಧೈರ್ಯ. ಆದರೆ ಅದೇ ಮಾತು ಗುರಿ ದಾಟಿ ಬಂದು, ಯಾವ ವಾದಶಾಲೆಯ ಬಾಗಿಲನ್ನೂ ನೋಡದ, ಯಾರಿಂದಲೂ ದಕ್ಷಿಣೆ ಕೀಳದ ಒಬ್ಬ ಮುದುಕಿಯ ಎಡೆಗೆ ಬಂದು ಬಿದ್ದರೆ? ಕಲ್ಲು ಎಸೆದವನು ಕಿಟಕಿಗೆ ಗುರಿಯಿಟ್ಟಿದ್ದೆ ಅನ್ನಬಹುದು, ಆದರೆ ಹಿಂದುಗಡೆ ಕೂತವರ ತಲೆಗೂ ಗಾಯವಾಗುತ್ತದೆ.

ಹಾಗಂತ ವೃತ್ತವಿಲಾಸನನ್ನು ದೂರಿ ಕೈತೊಳೆದುಕೊಳ್ಳುವ ಹಾಗೂ ಇಲ್ಲ. ಅವನ ಕಾಲ ನೋಡಿ.

ಹಾವೇರಿ ಜಿಲ್ಲೆಯ ಹಿರೇಕೆರೂರು ತಾಲೂಕಿನಲ್ಲಿ ಅಬ್ಬಲೂರು ಅಂತ ಊರಿದೆ. ಅಲ್ಲಿನ ಸೋಮನಾಥ ದೇವಾಲಯದಲ್ಲಿ ಸುಮಾರು 1200ರ ಒಂದು ಶಾಸನ ಇದೆ. ಏಕಾಂತದ ರಾಮಯ್ಯ ಎಂಬ ಶಿವಭಕ್ತ ಜೈನರ ಜೊತೆ ಪಣ ಕಟ್ಟಿ, ತನ್ನ ತಲೆಯನ್ನು ತಾನೇ ಕತ್ತರಿಸಿ ಶಿವನಿಗೆ ಅರ್ಪಿಸಿದ, ಏಳು ದಿನಗಳ ನಂತರ ತಲೆ ಮತ್ತೆ ಕೂಡಿಕೊಂಡಿತು, ಸೋತ ಜೈನರ ಬಸದಿಯಲ್ಲಿ ಜಿನಬಿಂಬ ಹೋಗಿ ಶಿವಲಿಂಗ ಬಂತು ಅನ್ನುತ್ತದೆ ಆ ಶಾಸನ. ಹರಿಹರ ಕವಿ ಇದರ ಮೇಲೆ ರಗಳೆಯನ್ನೇ ಬರೆದಿದ್ದಾನೆ. ಈಗ ಕುರಿ ಕಾಯುವ ಹುಡುಗನ ತಲೆಯನ್ನು ನೆನಪಿಸಿಕೊಳ್ಳಿ. ಅಮಿತಗತಿ ಅದನ್ನು ಬರೆದದ್ದು ಅಬ್ಬಲೂರಿನ ಶಾಸನಕ್ಕಿಂತ ಸುಮಾರು ಎರಡು ಶತಮಾನ ಮೊದಲು, ಹಾಗಾಗಿ ನೇರ ಸಂಬಂಧ ಇಲ್ಲ. ಆದರೆ 14ನೇ ಶತಮಾನದ ಕರ್ನಾಟಕದ ಒಬ್ಬ ಜೈನ ಓದುಗನಿಗೆ ಕತ್ತರಿಸಿದ ತಲೆ ಮತ್ತೆ ಅಂಟಿಕೊಳ್ಳುವ ಕತೆ ಬರೀ ತಮಾಷೆಯಾಗಿ ಕೇಳಿಸಿತ್ತೇ? ಅಂಥದೊಂದು ಕತೆಯ ಮೇಲೆ ಒಂದು ಬಸದಿ ಕೈಬಿಟ್ಟುಹೋಗಿತ್ತು. ಕೇಳಿಸಿರಲಾರದು ಅನ್ನುವುದು ನನ್ನ ಊಹೆ.

ಇನ್ನೊಂದು ತಾರೀಖು. 1368. ಶ್ರೀವೈಷ್ಣವರಿಂದ ತೊಂದರೆಯಾಗುತ್ತಿದೆ ಅಂತ ಜೈನರು ವಿಜಯನಗರದ ಬುಕ್ಕರಾಯನ ಹತ್ತಿರ ದೂರು ಒಯ್ದರು. ಬುಕ್ಕರಾಯ ಜೈನರ ಕೈಹಿಡಿದು ವೈಷ್ಣವರ ಕೈಯಲ್ಲಿಟ್ಟು, ಎರಡು ದರ್ಶನಗಳಿಗೂ ಭೇದವಿಲ್ಲ, ಇವರನ್ನು ಕಾಪಾಡುವ ಹೊಣೆ ನಿಮ್ಮದು ಎಂದ. ಆ ಶಾಸನ ಶ್ರವಣಬೆಳಗೊಳದಲ್ಲಿದೆ, ಇದೇ ಸಂಗತಿಯ ಇನ್ನೊಂದು ಮಾಗಡಿ ತಾಲೂಕಿನ ಕಲ್ಯದಲ್ಲಿದೆ. ಕೈಯನ್ನು ಇನ್ನೊಬ್ಬರ ಕೈಯಲ್ಲಿಟ್ಟು ಕಾಪಾಡಿ ಅನ್ನಿಸಿಕೊಳ್ಳಬೇಕಾದ ಸ್ಥಿತಿ ಯಾವುದು ಅಂತ ಯೋಚಿಸಿದರೆ ಸಾಕು. ಪಂಪ 941ರಲ್ಲಿ ಆದಿಪುರಾಣ ಬರೆದಾಗ ಜೈನರು ಅರಮನೆಯ ನಡುಮನೆಯಲ್ಲಿದ್ದರು. ನಾಲ್ಕು ಶತಮಾನ ಕಳೆದು ವೃತ್ತವಿಲಾಸನ ಹೊತ್ತಿಗೆ ಜಗಲಿಗೆ ಬಂದಿದ್ದರು. ಜಗಲಿಯಲ್ಲಿ ಕೂತವನು ನಡುಮನೆಯವರ ಬಗ್ಗೆ ಜೋಕು ಹೇಳುವುದು ಬೇರೆ, ನಡುಮನೆಯವನು ಜಗಲಿಯವನ ಬಗ್ಗೆ ಹೇಳುವುದು ಬೇರೆ. ಪದಗಳು ಅವೇ ಇದ್ದರೂ ಜೋಕು ಅದೇ ಅಲ್ಲ.

ಈಗ ನಮ್ಮ ಕಡೆಗೆ ಬರೋಣ. 2007ರಲ್ಲಿ ಕೋಲಾರದಿಂದ ಬೇರೆಯಾದ ಚಿಕ್ಕಬಳ್ಳಾಪುರ ಜಿಲ್ಲೆಯ ನೆಲದಲ್ಲಿ ಮಹಾಭಾರತ ಪುಸ್ತಕದಲ್ಲಿಲ್ಲ, ಸರ್ವೇ ನಂಬರಿನಲ್ಲಿದೆ! ಚಿಂತಾಮಣಿ ತಾಲೂಕಿನ ಕೈವಾರವೇ ಏಕಚಕ್ರಪುರ, ಭೀಮ ಬಕಾಸುರನನ್ನು ಕೊಂದ ಊರು. ಅಲ್ಲಿ ಭೀಮಲಿಂಗೇಶ್ವರನ ಗುಡಿಯಿದೆ. ಬೆಟ್ಟದಿಂದ ಜಿನುಗುವುದು ಬೆಟ್ಟದಡಿ ಸಿಕ್ಕಿಕೊಂಡ ಬಕಾಸುರನ ರಕ್ತ ಅನ್ನುತ್ತಾರೆ ನಮ್ಮ ಕಡೆ ಹಿರಿಯರು. ಗೌರಿಬಿದನೂರು ತಾಲೂಕಿನ ವಿದುರಾಶ್ವತ್ಥ ವಿದುರ ನೆಟ್ಟ ಅಶ್ವತ್ಥದ ಊರು (1938ರ ಏಪ್ರಿಲ್ 25ರ ಗೋಲಿಬಾರಿನಿಂದಲೂ ಹೆಸರಾದದ್ದು, ಅದು ಬೇರೆಯದೇ ಕತೆ). ಬಕಾಸುರನ ಕತೆಯನ್ನು ಅಜ್ಜಿ ಹೇಳುತ್ತಿದ್ದ ರೀತಿ ನೆನೆದರೆ ಈಗಲೂ ನಗು ಬರುತ್ತದೆ. ರಾಕ್ಷಸನಿಗೆ ಅಂತ ಒಯ್ದ ಬಂಡಿ ಅನ್ನವನ್ನು ಭೀಮ ತಾನೇ ಕೂತು ಉಣ್ಣುತ್ತಾನೆ. ಬಕಾಸುರ ಬಂದು ಬೆನ್ನಿಗೆ ಗುದ್ದುತ್ತಾನೆ. ಭೀಮ ತಿರುಗಿಯೂ ನೋಡುವುದಿಲ್ಲ. ಪೂರ್ತಿ ಉಂಡು, ಕೈತೊಳೆದುಕೊಂಡು, ಆಮೇಲೆ ಎದ್ದು ಅವನ ಕತೆ ಮುಗಿಸುತ್ತಾನೆ. ಮೂಲ ಭಾರತದಲ್ಲೂ ಹೀಗೇ ಇದೆ. ಅಂದರೆ ಪುರಾಣ ನಂಬುವವರಿಗೆ ನಗಲು ಬರುವುದಿಲ್ಲ ಅನ್ನುವುದು ಶುದ್ಧ ಸುಳ್ಳು. ಅವರ ದೇವರುಗಳು ಹೊಟ್ಟೆಬಾಕರು, ಮುಂಗೋಪಿಗಳು, ಹೆಂಡತಿಗೆ ಹೆದರುವವರು. ಮನೋವೇಗ ಹೊರಗಿನಿಂದ ಬಂದು ಬೆರಳು ತೋರಿಸಿದ ಅಸಂಬದ್ಧಗಳನ್ನು ಒಳಗಿನವರು ಹರಿಕಥೆಯಲ್ಲಿ, ತೊಗಲುಗೊಂಬೆಯಾಟದಲ್ಲಿ ಯಾವತ್ತಿನಿಂದಲೋ ಆಡಿಕೊಂಡು ನಕ್ಕಿದ್ದಾರೆ. ನಕ್ಕ ಮೇಲೆ ಮಂಗಳಾರತಿಗೆ ಕೈಮುಗಿದಿದ್ದಾರೆ, ಅಷ್ಟೇ ವ್ಯತ್ಯಾಸ.

ಆದರೆ ಈ ಸಮಾಧಾನವೂ ಪೂರ್ತಿ ಹಿಡಿಸುವುದಿಲ್ಲ ನನಗೆ. ಕೈಮುಗಿಯುವ ನಗುವೊಂದೇ ಸಾಕಾಗಿದ್ದರೆ ಗೌರಿಬಿದನೂರು ತಾಲೂಕಿನ ಹೊಸೂರಿನಿಂದ ಎಚ್. ನರಸಿಂಹಯ್ಯನವರಂಥ ಒಬ್ಬರು ಎದ್ದು ಬರುವ ಅಗತ್ಯವೇ ಇರಲಿಲ್ಲ. 1920ರಲ್ಲಿ ಬಡ ಮನೆಯಲ್ಲಿ ಹುಟ್ಟಿ, ಭೌತಶಾಸ್ತ್ರ ಓದಿ, ಅಮೆರಿಕದಲ್ಲಿ ಡಾಕ್ಟರೇಟ್ ಮಾಡಿ ಬಂದು, ಬಸವನಗುಡಿಯ ನ್ಯಾಷನಲ್ ಕಾಲೇಜಿನ ಹಾಸ್ಟೆಲ್ ಕೋಣೆಯಲ್ಲಿ ಬದುಕಿದವರು. ಗೌರಿಬಿದನೂರು, ಬಾಗೇಪಲ್ಲಿಗಳಲ್ಲಿ ನ್ಯಾಷನಲ್ ಕಾಲೇಜು ಬರಲು ಕಾರಣರಾದವರು. 1962ರಲ್ಲಿ ಬೆಂಗಳೂರು ಸೈನ್ಸ್ ಫೋರಂ ಕಟ್ಟಿದರು. ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದಾಗ 1976ರಲ್ಲಿ ಪವಾಡಗಳ ಪರೀಕ್ಷೆಗೆ ಒಂದು ಸಮಿತಿ ಮಾಡಿ, ಪುಟ್ಟಪರ್ತಿಯ ಸತ್ಯಸಾಯಿ ಬಾಬಾ ಅವರಿಗೆ ಪತ್ರ ಬರೆದರು. ಉತ್ತರ ಬರಲಿಲ್ಲ. ಶೂನ್ಯದಿಂದ ಉಂಗುರ, ವಿಭೂತಿ ಬರುತ್ತದಾದರೆ ಒಂದು ಕುಂಬಳಕಾಯಿ ಯಾಕೆ ಬರಬಾರದು ಅನ್ನುವುದು ಅವರ ಹೆಸರಾಂತ ಪ್ರಶ್ನೆ. ಕುಂಬಳಕಾಯಿಯನ್ನು ತೋಳಿನೊಳಗೆ ಬಚ್ಚಿಡಲಾಗುವುದಿಲ್ಲ ನೋಡಿ! ಸೌತೆಕಾಯಿಯಿಂದ ಕುಂಬಳಕಾಯಿಗೆ, 8ನೇ ಶತಮಾನದಿಂದ 20ನೆಯದಕ್ಕೆ... ಹರಿಭದ್ರನ ವಂಶ ಬೆಳೆದದ್ದು ನಮ್ಮ ತಾಲೂಕುಗಳಲ್ಲೇ ಅಂತ ನನಗೊಂದು ಹೆಮ್ಮೆ.

ಅಂದ ಹಾಗೆ, ಅದೇ ದಾರಿಯಲ್ಲಿ ಗಡಿ ದಾಟಿ ಪುಟ್ಟಪರ್ತಿಗೆ ಹೋಗಿ ನೆಲೆಸಿದ ಇನ್ನೊಬ್ಬರು ನಾ. ಕಸ್ತೂರಿ. ಕೇರಳದಲ್ಲಿ ಹುಟ್ಟಿ, ಮೈಸೂರಿನಲ್ಲಿ ಇತಿಹಾಸ ಪಾಠ ಹೇಳಿ, ಕನ್ನಡದಲ್ಲಿ 'ಅನರ್ಥಕೋಶ' ಬರೆದ ಮಹಾ ಹಾಸ್ಯಗಾರ. ಪದಗಳ ಗಂಭೀರ ಮುಖವಾಡ ಕಳಚುವುದರಲ್ಲಿ ಅವರನ್ನು ಮೀರಿಸಿದವರು ಕನ್ನಡದಲ್ಲಿ ಕಡಿಮೆ. ಅವರೇ ಮುಂದೆ ಬಾಬಾ ಅವರ ಜೀವನಚರಿತ್ರೆಕಾರರಾದರು. ನಗುವವನು ನಂಬುವುದಿಲ್ಲ, ನಂಬುವವನು ನಗುವುದಿಲ್ಲ ಅಂತ ಸೂತ್ರ ಮಾಡಿಕೊಂಡವರು ಕಸ್ತೂರಿಯವರನ್ನು ಎಲ್ಲಿ ಕೂರಿಸುತ್ತಾರೋ ನನಗೆ ತಿಳಿಯದು. ನನ್ನ ಕಪಾಟಿನಲ್ಲಿ ಅವರೂ ಎಚ್ಚೆನ್ ಅವರ 'ಹೋರಾಟದ ಹಾದಿ'ಯೂ ಪಕ್ಕಪಕ್ಕದಲ್ಲೇ ಇವೆ.

ಕೊನೆಗೆ ಒಂದು ಕಲ್ಲಿನ ವಿಷಯ ಹೇಳಿಬಿಡುತ್ತೇನೆ, ಇದಿಲ್ಲದಿದ್ದರೆ ಕತೆ ಅರ್ಧ.

ನಂದಿ ಬೆಟ್ಟದ ಹತ್ತಿರ ಗೋಪಿನಾಥ ಗುಡ್ಡ ಇದೆ. ವಾರಾಂತ್ಯದಲ್ಲಿ ಬೆಂಗಳೂರಿನಿಂದ ಬೈಕುಗಳಲ್ಲಿ ಸೂರ್ಯೋದಯ ನೋಡಲು ಬರುವ ಸಾವಿರಾರು ಜನರಲ್ಲಿ ಅತ್ತ ತಿರುಗುವವರು ಕಡಿಮೆ. ಅಲ್ಲಿ ಗಂಗರ ಕಾಲದ ಒಂದು ಸಂಸ್ಕೃತ ಶಾಸನವಿದೆ. ಬಿ.ಎಲ್. ರೈಸ್ ಕೋಲಾರ ಜಿಲ್ಲೆಯ ಶಾಸನ ಸಂಪುಟದಲ್ಲಿ ಚಿಕ್ಕಬಳ್ಳಾಪುರ ತಾಲೂಕಿನ ಶಾಸನಗಳ ಜೊತೆ ಅದನ್ನು ಸೇರಿಸಿದ್ದಾರೆ. ಗಂಗರು ತಮ್ಮನ್ನು ನಂದಗಿರಿನಾಥ ಎಂದು ಕರೆದುಕೊಂಡವರು, ಜೈನರಿಗೆ ಆಶ್ರಯ ಕೊಟ್ಟವರು. ಆ ಶಾಸನ ಅಲ್ಲೊಂದು ಜಿನಚೈತ್ಯಾಲಯವಿತ್ತು ಅನ್ನುತ್ತದೆ. ಯಾರು ಕಟ್ಟಿಸಿದ್ದು ಗೊತ್ತೇ? ದಶರಥನ ಮಗ ರಾಮ! ಹಳೆಯದಾದ ಮೇಲೆ ಜೀರ್ಣೋದ್ಧಾರ ಮಾಡಿಸಿದವಳು? ಪಾಂಡವರ ತಾಯಿ ಕುಂತಿ!

ಅದನ್ನು ಮೊದಲು ಓದಿದಾಗ ನನಗೆ ಮನೋವೇಗನನ್ನು ಕರೆದು ತೋರಿಸಬೇಕು ಅನ್ನಿಸಿತು. ಪಾಟಲೀಪುತ್ರದಲ್ಲಿ ರಾಮಾಯಣ ಭಾರತಗಳನ್ನು ಹಿಡಿದು ನಗುವ ಪರಂಪರೆಯ ಜನವೇ, ನಮ್ಮ ಊರಿನ ಗುಡ್ಡದ ಮೇಲೆ ತಮ್ಮ ಗುಡಿಯ ಪಹಣಿಗೆ ರಾಮನ ಹೆಸರನ್ನೂ ಕುಂತಿಯ ಹೆಸರನ್ನೂ ಹಾಕಿಸಿದ್ದರು. ಬರೀ ಎಡಬಿಡಂಗಿತನ ಅಂತ ತಳ್ಳಿಹಾಕಲು ಮನಸ್ಸು ಬರುವುದಿಲ್ಲ. ಜೈನರಿಗೂ ರಾಮ ತಮ್ಮವನೇ, ಕುಂತಿ ತಮ್ಮವಳೇ. ಅವರ ರಾಮಾಯಣಗಳಲ್ಲಿ ವಾನರರು ಕೋತಿಗಳಲ್ಲ, ಧ್ವಜದಲ್ಲಿ ಕೋತಿಯ ಗುರುತಿದ್ದ ವಿದ್ಯಾಧರರು. ರಾವಣನಿಗೆ ಹತ್ತು ತಲೆಯಿಲ್ಲ, ಕೊರಳ ಹಾರದಲ್ಲಿ ಮುಖದ ಪ್ರತಿಬಿಂಬ ಒಂಬತ್ತು ಸಲ ಕಾಣಿಸಿದ್ದಕ್ಕೆ ಆ ಹೆಸರು. ಅಂದರೆ ಅವರು ನಗುತ್ತಿದ್ದದ್ದು ಪಕ್ಕದ ಮನೆಯ ದೇವರ ಮೇಲೆ ಮಾತ್ರವಲ್ಲ, ಪಾಲಾಗಿಹೋದ ಒಂದೇ ಮನೆಯ ಆಸ್ತಿಯ ಮೇಲೆ. ದಾಯಾದಿಗಳ ನಗು ಅದು. ಅದರಲ್ಲಿ ವಿಷವೂ ಇರುತ್ತದೆ, ಸಲಿಗೆಯೂ ಇರುತ್ತದೆ. ನಮ್ಮ ಹಳ್ಳಿಗಳಲ್ಲಿ ಜಮೀನಿನ ಕೇಸು ನಡೆಸುತ್ತಲೇ ಮದುವೆಗೆ ಬಂದು ಉಂಡು ಹೋಗುವ ಚಿಕ್ಕಪ್ಪಂದಿರನ್ನು ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಇವತ್ತು ಆ ಗುಡ್ಡದ ಮೇಲೆ ಪೂಜೆ ನಡೆಯುವುದು ಗೋಪಿನಾಥನಿಗೆ. ಚೈತ್ಯಾಲಯ ಇತ್ತು ಅನ್ನುವುದಕ್ಕೆ ಆ ಬರಹವಿದೆ. ಹೋದರೆ ಬೆಳಿಗ್ಗೆ ಬೇಗ ಹೋಗಿ, ಬಿಸಿಲೇರಿದ ಮೇಲೆ ಬಂಡೆಯ ಮೇಲೆ ಅಕ್ಷರ ಕಾಣಿಸುವುದಿಲ್ಲ.